ಕುಮಾರ ಪರ್ವತ: ಕುಕ್ಕೆ ಕಡೆಯ ದಾರಿ ಹೇಗಿದೆ?

ಕುಮಾರ ಪರ್ವತದ ಎತ್ತರ 1,712 ಮೀಟರ್. ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರ, ಆದರೆ ಅಲ್ಲಿ ತುದಿಯ ಹತ್ತಿರದವರೆಗೂ ವಾಹನ ಹೋಗುತ್ತದೆ. ಕುಕ್ಕೆ ಸುಬ್ರಹ್ಮಣ್ಯ ಇರುವುದೇ ಘಟ್ಟದ ಬುಡದಲ್ಲಿ. ಸುಮಾರು 1,600 ಮೀಟರ್ ಏರನ್ನೂ ಕಾಲಲ್ಲೇ ಹತ್ತಬೇಕು.

ದಾರಿಯ ನಡುವೆ ಗಿರಿಗದ್ದೆಯಲ್ಲಿರುವ ಭಟ್ಟರ ಮನೆಯವರೆಗಿನ ಸುಮಾರು 6 ಕಿ.ಮೀ. ದಟ್ಟ ಕಾಡು. ನೆರಳಿದೆ, ಗಾಳಿಯಿಲ್ಲ. ಬೇರುಗಳ ಮೇಲೆ ಒಂದೇ ಸಮನೆ ಏರು, ಅಂಗಿ ಪೂರ್ತಿ ಒದ್ದೆ. ಇಲ್ಲಿ ಜೋರು ಮಾಡಿದವರೇ ಮುಂದೆ ಸೋಲುವುದು. ಏಕೆಂದರೆ ಅರಣ್ಯ ಇಲಾಖೆಯ ತಪಾಸಣೆ ದಾಟಿದ ಮೇಲೆ ಬರುವುದು ಬೋಳು ಹುಲ್ಲುಗುಡ್ಡ. ಕಲ್ಲು ಮಂಟಪದವರೆಗೆ ನಿಲ್ಲಲು ಒಂದು ಮರವಿಲ್ಲ. ಹನ್ನೊಂದು ಗಂಟೆಯ ಬಿಸಿಲಲ್ಲಿ ಅಲ್ಲಿ ಸಿಕ್ಕಿಬಿದ್ದರೆ ನೀರು ಬೇಗ ಮುಗಿಯುತ್ತದೆ, ಸ್ನಾಯು ಹಿಡಿದುಕೊಳ್ಳುತ್ತದೆ. ತಲೆಗೆ 3 ಲೀಟರ್ ನೀರು, ಉಪ್ಪು-ಸಕ್ಕರೆ ಬೆರೆಸಿದ್ದು ಒಂದು ಬಾಟಲಿ ಇರಲಿ. ಮಂಟಪದ ಹತ್ತಿರದ ಝರಿ ಬೇಸಿಗೆ ಸಮೀಪಿಸಿದಂತೆ ಬತ್ತುತ್ತದೆ, ಅದನ್ನು ನಂಬಿ ಹೋಗಬೇಡಿ.

ಮಂಟಪ ದಾಟಿದರೆ ಶೇಷ ಪರ್ವತ. ಅನೇಕರು ಇದನ್ನೇ ತುದಿ ಅಂದುಕೊಳ್ಳುತ್ತಾರೆ. ನೋಟಕ್ಕೆ ಇದೇ ಮೇಲು: ಒಂದು ಬದಿ ನೇರ ಪ್ರಪಾತ, ಕೆಳಗೆ ಹಾಸಿಕೊಂಡ ಕಾಡು. ಕುಮಾರ ಪರ್ವತದ ನೆತ್ತಿ ಅಗಲವಾಗಿದೆ, ಅಷ್ಟು ತೆರೆದ ನೋಟವಿಲ್ಲ. ಎರಡರ ನಡುವೆ ಒಂದು ಇಳಿತ, ಶೋಲಾ ಕಾಡು (ಹುಲ್ಲುಗುಡ್ಡಗಳ ಮಡಿಲಿನ ದಟ್ಟ ಕಾಡು), ಆಮೇಲೆ ಕಡಿದಾದ ಬಂಡೆ. ಒಣಗಿದ್ದರೆ ಕೈಯೂರಿ ಹತ್ತಬಹುದು. ನೀರು ಜಿನುಗುತ್ತಿದ್ದರೆ ಪಾಚಿ ಜಾರುತ್ತದೆ, ಅದರಲ್ಲೂ ಇಳಿಯುವಾಗ. ಮುಖವನ್ನು ಬಂಡೆಯ ಕಡೆ ಮಾಡಿ, ಒಂದೊಂದೇ ಕಾಲಿಟ್ಟು ಇಳಿಯಿರಿ.

ನಿಜವಾದ ಪರೀಕ್ಷೆ ಇಳಿಜಾರೇ. ಮಂಡಿ ನಡುಗುತ್ತದೆ, ಬೆರಳು ಬೂಟಿನ ಮುಂಭಾಗಕ್ಕೆ ಒತ್ತಿ ಉಗುರು ಕಪ್ಪಾಗುತ್ತದೆ. ಹಿಂದಿನ ದಿನವೇ ಉಗುರು ಕತ್ತರಿಸಿ, ಇಳಿಯುವ ಮೊದಲು ಪಾದದ ಗಂಟಿನ ಬಳಿ ಲೇಸು ಬಿಗಿಯಿರಿ, ಕೋಲು ಹಿಡಿಯಿರಿ. ಹೊಸ ಬೂಟು ಬೇಡವೇ ಬೇಡ. ಮಳೆ ಬಿಟ್ಟ ಹೊಸತರಲ್ಲಿ ಉಂಬಳದ (ಜಿಗಣೆಯ) ಕಾಟವಿರುತ್ತದೆ. ಎಳೆದು ಕೀಳಬೇಡಿ, ಉಪ್ಪು ಮುಟ್ಟಿಸಿದರೆ ತಾನೇ ಬಿಡುತ್ತದೆ.

ಸೋಮವಾರಪೇಟೆ ಕಡೆಯ ಬೀದಳ್ಳಿ ದಾರಿ ಎತ್ತರದಿಂದಲೇ ಶುರುವಾಗುತ್ತದೆ, ಸುಮಾರು 7 ಕಿ.ಮೀ., ಹೆಚ್ಚಿನ ಪಾಲು ನೆರಳು. ಮೊದಲ ಸಲದವರಿಗೆ ಅದೇ ವಾಸಿ.

ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿಧಾಮದಲ್ಲಿ. ಮುಂಗಡ ಪರವಾನಗಿ, ಗುರುತಿನ ಚೀಟಿ ಬೇಕು. ಮೇಲೆ ಡೇರೆ ಹಾಕುವಂತಿಲ್ಲ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುವುದರಿಂದ ಬಸ್ ಟಿಕೆಟ್‌ಗೆ ಮೊದಲು ಪರವಾನಗಿ ಮಾಡಿಸಿ.