ಅಲಿಪ್ತ ನೀತಿಯ ಪಾಠ: ಕಾಲರೇಖೆಯೋ, ಅಣಕು ಸಂಪುಟ ಸಭೆಯೋ?

ಬೆಂಗಳೂರಿನ ಪಿಯು ಕಾಲೇಜಿನಲ್ಲಿ ಪರೀಕ್ಷೆ ಹತ್ತಿರ ಬಂದಿದ್ದರೆ, ಅಮೆರಿಕ ಮತ್ತು ಸೋವಿಯತ್ ಬಣಗಳೆರಡಕ್ಕೂ ಸೇರದ ಅಲಿಪ್ತ ನೀತಿಯನ್ನು ಕಲಿಸಲು ಬೋರ್ಡಿನ ಮೇಲೊಂದು ಕಾಲರೇಖೆ ಸಾಕು: 1954 ಪಂಚಶೀಲ (ಚೀನಾ ಜೊತೆಗಿನ ಒಪ್ಪಂದದ ಐದು ತತ್ವ), 1955 ಬಾಂಡುಂಗ್ (ಏಷ್ಯಾ-ಆಫ್ರಿಕಾ ಸಮ್ಮೇಳನ), 1961 ಬೆಲ್‌ಗ್ರೇಡ್ (ಅಲಿಪ್ತ ರಾಷ್ಟ್ರಗಳ ಮೊದಲ ಶೃಂಗಸಭೆ). ಒಂದೇ ಪೀರಿಯಡ್ಡು. ತಲೆಯಲ್ಲಿ ಉಳಿಯುವುದೂ ಇಸವಿಗಳಷ್ಟೇ.

ಎರಡು ಪೀರಿಯಡ್ ಸಿಕ್ಕರೆ, ವಿದ್ಯಾರ್ಥಿಗಳೇ ಅಂದಿನ ಮಂತ್ರಿಗಳಾಗಿ ವಾದಿಸುವ ಅಣಕು ಸಂಪುಟ ಸಭೆಯೇ ಮೇಲು. ವಿಷಯ, 1950ರ ಕೊರಿಯಾ ಯುದ್ಧ. ಆರಾರು ಮಂದಿಯ ಗುಂಪಿಗೆ ಒಂದೊಂದು ಚೀಟಿ: ಆಹಾರದ ಕೊರತೆ, ಕಾಶ್ಮೀರ, ಕೆಂಪು ಚೀನಾದ ಸ್ನೇಹ, ವಿಶ್ವಸಂಸ್ಥೆ. ಸೈನ್ಯ ಕಳಿಸಬೇಕೇ? ವಾದ ಮುಗಿದ ಮೇಲಷ್ಟೇ ನಡೆದದ್ದನ್ನು ಹೇಳಿ: ಭಾರತ ಉತ್ತರ ಕೊರಿಯಾದ ಆಕ್ರಮಣವನ್ನು ಖಂಡಿಸಿತು, ಆದರೆ ಕಾದಾಡುವ ಪಡೆಯ ಬದಲು 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ಸೇನಾ ವೈದ್ಯಕೀಯ ದಳವನ್ನು ಕಳಿಸಿತು. 1953ರಲ್ಲಿ ಯುದ್ಧಕೈದಿಗಳ ಆಯೋಗಕ್ಕೆ ಅಧ್ಯಕ್ಷರಾದವರು ನಮ್ಮ ಕೊಡಗಿನ ಸೇನಾಧಿಕಾರಿ ತಿಮ್ಮಯ್ಯ ಎಂದರೆ ಹಿಂದಿನ ಬೆಂಚೂ ಕಿವಿ ನೆಟ್ಟಗೆ ಮಾಡುತ್ತದೆ.

ಸಭೆ ಹಳಿ ತಪ್ಪುವುದು ಯಾರಾದರೂ 1962ರ ಚೀನಾ ಯುದ್ಧವನ್ನು ಎಳೆದು ತಂದಾಗ. ಚೀಟಿಯಲ್ಲಿ 1950ರ ಜೂನ್ ಆಚೆಗಿನದೇನೂ ಬೇಡ.