ರೋಮನ್ ನಾಣ್ಯಗಳ ನಕಲು ಸೆಟ್: ಎರಡು ವರ್ಷ ಕ್ಲಾಸಿನಲ್ಲಿ ಬಳಸಿದ ಮೇಲೆ (5ಕ್ಕೆ 4)

ನಾನು ಹೈಸ್ಕೂಲ್ ಟೀಚರ್. ರೋಮ್ ಗಣರಾಜ್ಯ ಸಾಮ್ರಾಜ್ಯವಾದ ಪಾಠಕ್ಕೆಂದು ಈ ಸೆಟ್ ತರಿಸಿದ್ದೆ. ಮರದ ಡಬ್ಬಿ, ಒಳಗೆ ಐದು ನಾಣ್ಯ.

ಮೊದಲನೆಯದರಲ್ಲಿ ಹೆಲ್ಮೆಟ್ ತೊಟ್ಟ ರೋಮಾ ದೇವತೆ. ಗಣರಾಜ್ಯದ ಕಾಲದಲ್ಲಿ ಬದುಕಿರುವವರ ಮುಖವನ್ನು ರೋಮ್ ಟಂಕಸಾಲೆ ನಾಣ್ಯದ ಮೇಲೆ ಹಾಕುತ್ತಿರಲಿಲ್ಲ. ಎರಡನೆಯದು ಕ್ರಿ.ಪೂ. 44ರದು, ಅದರಲ್ಲಿ ಸೀಸರ್‌ನೇ ಇದ್ದಾನೆ. ಕತ್ತಿನ ಸುಕ್ಕೂ ಕಾಣುತ್ತದೆ. ಸುತ್ತ ಲ್ಯಾಟಿನ್‌ನಲ್ಲಿ ‘ಶಾಶ್ವತ ಸರ್ವಾಧಿಕಾರಿ’ ಎಂದಿದೆ. ಎರಡನ್ನೂ ಮಕ್ಕಳ ಕೈಗೆ ಕೊಟ್ಟರೆ ಅರ್ಧ ಪಾಠ ಅವರೇ ಮಾಡುತ್ತಾರೆ.

ನನಗೆ ತುಂಬಾ ಇಷ್ಟವಾದದ್ದು ಮೂರನೆಯದು. ಸೀಸರ್‌ನನ್ನು ಮಾರ್ಚ್ 15ರಂದು ಕೊಂದವರಲ್ಲಿ ಒಬ್ಬನಾದ ಬ್ರೂಟಸ್ ಹೊರಡಿಸಿದ್ದು. ಹಿಂಬದಿಯಲ್ಲಿ ಎರಡು ಕಠಾರಿ, ನಡುವೆ ಬಿಡುಗಡೆಯಾದ ಗುಲಾಮರು ಹಾಕುವ ಟೋಪಿ. ತಿರುಗಿಸಿದರೆ ಬ್ರೂಟಸ್‌ನ ಮುಖ! “ಮಿಸ್, ಇವನೂ ತನ್ನ ಮುಖಾನೇ ಹಾಕ್ಕೊಂಡಿದ್ದಾನಲ್ವಾ?” ಎಂದು ಕಳೆದ ವರ್ಷ ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಆ ದಿನ ಪಾಠ ಬೆಲ್ ಹೊಡೆದ ಮೇಲೂ ಮುಂದುವರಿಯಿತು. ಈ ದುಡ್ಡು ಅವನ ಸೈನಿಕರ ಸಂಬಳಕ್ಕೆ. ಆ ಹೊತ್ತಿಗೆ ಸೈನಿಕರು ರೋಮಿನ ಆಡಳಿತ ಸಭೆಯಾದ ಸೆನೆಟ್‌ಗಿಂತ ಸಂಬಳ, ಜಮೀನು ಕೊಡಿಸುವ ದಂಡನಾಯಕನನ್ನೇ ಜಾಸ್ತಿ ನಂಬುತ್ತಿದ್ದರು. ಗಣರಾಜ್ಯದ ಬುಡ ಸಡಿಲವಾಗಿದ್ದೇ ಅಲ್ಲಿ ಅಂತ ನನಗನಿಸುತ್ತದೆ.

ನಾಲ್ಕನೆಯದರಲ್ಲಿ ಮೊಸಳೆ, ಸೀಸರ್‌ನ ದತ್ತುಮಗ ಆಕ್ಟೇವಿಯನ್ ಈಜಿಪ್ಟ್ ಗೆದ್ದ ಗುರುತು. ಐದನೆಯದು ಕ್ರಿ.ಪೂ. 28ರ ಚಿನ್ನದ ನಾಣ್ಯದ ನಕಲು. ಅವನು ಕುರ್ಚಿಯಲ್ಲಿ ಕೂತು ಸುರುಳಿಯೊಂದನ್ನು ಚಾಚಿದ್ದಾನೆ. ರೋಮನ್ ಜನರ ಕಾನೂನು, ಹಕ್ಕುಗಳನ್ನು ಮರಳಿ ತಂದನೆಂದು ಬರೆದಿದೆ. ಮರುವರ್ಷವೇ ಸೆನೆಟ್ ಅವನಿಗೆ ‘ಅಗಸ್ಟಸ್’ ಎಂಬ ಬಿರುದು ಕೊಟ್ಟಿತು. ಸೆನೆಟ್ ಇತ್ತು, ವರ್ಷಕ್ಕೊಮ್ಮೆ ಆಯ್ಕೆಯಾಗುವ ಮುಖ್ಯಾಧಿಕಾರಿಗಳಾದ ಕಾನ್ಸಲ್‌ಗಳಿದ್ದರು. ಆದರೆ ಸೈನ್ಯದ ಬಹುಪಾಲು ಅವನ ಕೈಯಲ್ಲಿತ್ತು. ತನ್ನನ್ನು ರಾಜ ಎಂದು ಮಾತ್ರ ಕರೆದುಕೊಳ್ಳಲಿಲ್ಲ.

ಈಗ ಕುಂದುಗಳು. ಎಂಟೇ ತಿಂಗಳಿಗೆ ಬೆಳ್ಳಿ ಬಣ್ಣ ಎದ್ದು ಒಳಗಿನ ಹಿತ್ತಾಳೆ ಕಾಣತೊಡಗಿತು. ಮಕ್ಕಳ ಬೆವರಿನ ಕೈಯಲ್ಲಿ ಓಡಾಡುವ ವಸ್ತು, ಇನ್ನಷ್ಟು ಗಟ್ಟಿ ಲೇಪ ಬೇಕಿತ್ತು. ಜೊತೆಗಿರುವ ಪುಸ್ತಿಕೆಯಲ್ಲಿ, ಆಕ್ಟೇವಿಯನ್ ಆಂಟನಿ-ಕ್ಲಿಯೋಪಾತ್ರರನ್ನು ಸೋಲಿಸಿದ ಆಕ್ಟಿಯಂ ಕದನ ‘ಕ್ರಿ.ಶ. 31’ ಎಂದು ಅಚ್ಚಾಗಿದೆ. ಅದು ಕ್ರಿ.ಪೂ. ಆಗಬೇಕು. ಎರಡು ಸಲ ಮೇಲ್ ಮಾಡಿದೆ, ಉತ್ತರವಿಲ್ಲ. ಕೊನೆಗೆ ಪೆನ್ನಿನಲ್ಲಿ ನಾನೇ ತಿದ್ದಿದೆ.

ಇನ್ನೊಂದು ಕೊರತೆ, ಅಗಸ್ಟಸ್‌ನ ಬೆಳ್ಳಿ ನಾಣ್ಯ ಇಲ್ಲ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಅವನ ನಂತರದ ಚಕ್ರವರ್ತಿ ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಅದನ್ನೂ ಮಕ್ಕಳ ಕೈಗೆ ಕೊಡುವಂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಬಿಡಿಯಾಗಿ ಹುಡುಕುತ್ತಿದ್ದೇನೆ, ಒಳ್ಳೆಯ ನಕಲು ಎಲ್ಲಾದರೂ ಕಂಡರೆ ಹೇಳಿ.