ದುಡ್ಡು ಕೊಟ್ಟು ಮ್ಯಾಗಜೀನ್‌ನಲ್ಲಿ ಬಂದೆ, ಮನೆಯೊಂದನ್ನು ಕಳೆದುಕೊಂಡೆ

ಇಂಟೀರಿಯರ್ ಡಿಸೈನ್ ಮಾಡುವವರು, ಅದರಲ್ಲೂ ಹೊಸದಾಗಿ ಸ್ವಂತ ಆಫೀಸ್ ಶುರು ಮಾಡಿದವರು ಇದನ್ನೊಮ್ಮೆ ಓದಿ. "ನಿಮ್ಮ ಪ್ರಾಜೆಕ್ಟ್ ನಮ್ಮ ಮ್ಯಾಗಜೀನ್‌ಗೆ ಸೆಲೆಕ್ಟ್ ಆಗಿದೆ ಮೇಡಂ" ಅಂತ ಫೋನ್ ಬಂದರೆ ಅವತ್ತೇ ಏನೂ ಒಪ್ಪಬೇಡಿ. ನಾನು ಅರ್ಧ ಗಂಟೆಯಲ್ಲಿ ಒಪ್ಪಿದ್ದೆ.

ಜೆ.ಪಿ. ನಗರದಲ್ಲಿ 30x40 ಸೈಟಿನ ಹಳೆ ಮನೆ, ನಿವೃತ್ತ ಮೇಷ್ಟ್ರದ್ದು. ಟೈಲ್ಸ್ ಬೇಡವೇ ಬೇಡ, ತವರಲ್ಲಿದ್ದಂಥ ಕೆಂಪು ನೆಲನೇ ಬೇಕು ಅಂತ ಅವರ ಹೆಂಡತಿ ಹಟ ಹಿಡಿದಿದ್ದರು. ರೆಡ್ ಆಕ್ಸೈಡ್ ನೆಲ ಸರಿಯಾಗಿ ಹಾಕುವ ಗಾರೆಯವರು ಈಗ ಸಿಗೋದೇ ಕಷ್ಟ. ಹುಡುಕಿ ಹುಡುಕಿ ರಾಮನಗರದ ಕಡೆಯ ಒಬ್ಬ ಅಜ್ಜನನ್ನು ಕರೆತಂದೆ, ಅವರು ಮಂಡಿಯೂರಿ ಕೂತು ಕರಣೆಯಲ್ಲಿ ಉಜ್ಜಿ ಉಜ್ಜಿ ಕನ್ನಡಿ ಮಾಡಿಟ್ಟರು. ವಾರ್ಡ್‌ರೋಬ್ ಹಿಡಿಗಳು ಚನ್ನಪಟ್ಟಣದ ಅರಗಿನವು. ಫೋಟೋಗ್ರಾಫರ್‌ಗೆ 35,000 ರೂಪಾಯಿ ಕೊಟ್ಟು ಫೋಟೋ ತೆಗೆಸಿ ನಾಲ್ಕೈದನ್ನು ಇನ್‌ಸ್ಟಾಗ್ರಾಮ್‌ಗೆ ಹಾಕಿದ್ದೆ. ಅಲ್ಲಿಂದಲೇ ಆ ಮ್ಯಾಗಜೀನ್‌ನವರು ಹಿಡಿದರು ನನ್ನನ್ನು.

ಆರು ಪುಟ, ಜೊತೆಗೆ ಮುಖಪುಟ, 25 ಪ್ರತಿ. "ಪ್ರಿಂಟಿಂಗ್ ಖರ್ಚು ಮಾತ್ರ" 48,000, ಮೇಲೆ 18% ಜಿಎಸ್‌ಟಿ, ಒಟ್ಟು 56,640. ಮುಖಪುಟ ಅಂದ ಕೂಡಲೇ ನನಗೆ ತಲೆ ಓಡಲಿಲ್ಲ, ನಿಜ ಹೇಳ್ತೀನಿ.

ಪ್ರತಿಗಳು ಬಂದ ದಿನ ಮೇಷ್ಟ್ರ ಮನೆಗೇ ತಗೊಂಡು ಹೋದೆ. ಅವರ ಹೆಂಡತಿ ಕನ್ನಡಕ ಏರಿಸಿ ನೋಡಿ, "ಏನಮ್ಮಾ, ನಮ್ಮ ನೆಲ ಹೀಗೆ ಬಿಳಚಿಕೊಂಡಿದೆ?" ಅಂದರು. ಕೆಂಪು ಹೋಗಿ ಈರುಳ್ಳಿ ಸಿಪ್ಪೆ ಬಣ್ಣ ಆಗಿತ್ತು. ಫೋಟೋ ಕೆಳಗೆ "ಇಟಾಲಿಯನ್ ಮಾರ್ಬಲ್" ಅಂತ ಬೇರೆ ಬರೆದಿದ್ದರು! ಇನ್ನೊಂದು ಪುಟದಲ್ಲಿ ಗೇಟು, ಮನೆ ಹೆಸರಿನ ಬೋರ್ಡು, ಬಾಗಿಲ ನಂಬರ್ ಎಲ್ಲ ಸ್ಪಷ್ಟ. ಮೇಷ್ಟ್ರು ಏನೂ ಅನ್ನಲಿಲ್ಲ, ಪುಸ್ತಕ ಮಡಚಿ ಟೀಪಾಯಿ ಮೇಲಿಟ್ಟರು. ಅದೇ ನನಗೆ ಜಾಸ್ತಿ ಬೇಜಾರಾಯ್ತು.

ಹುಬ್ಬಳ್ಳಿಯಲ್ಲಿರುವ ಗೆಳತಿಗೆ ಹೇಳಿದರೆ, ಅದೇ ತಿಂಗಳ ಅದೇ ಸಂಚಿಕೆ ಅವಳ ಹತ್ತಿರವೂ ಇತ್ತು. ಮುಖಪುಟದಲ್ಲಿ ಅವಳ ಪ್ರಾಜೆಕ್ಟ್! ದುಡ್ಡು ಕೊಟ್ಟ ಒಬ್ಬೊಬ್ಬರಿಗೂ ಬೇರೆ ಬೇರೆ ಮುಖಪುಟ. ಅಂಗಡಿಯಲ್ಲಿ ಮಾತ್ರ ಒಂದೂ ಸಿಗಲಿಲ್ಲ, ಚರ್ಚ್ ಸ್ಟ್ರೀಟಿನಲ್ಲಿ ಮೂರು ಅಂಗಡಿ ಕೇಳಿದೆ.

ದುಡ್ಡು ಹೋಗಲಿ ಬಿಡಿ ಅಂದುಕೊಂಡೆ. ನಿಜವಾದ ಏಟು ಆಮೇಲೆ ಬಿತ್ತು. ಅದೇ ಮನೆಯನ್ನು ಒಂದು ಒಳ್ಳೆ ಮ್ಯಾಗಜೀನ್‌ಗೆ ಕಳಿಸಿದೆ. ಅವರು ಕೇಳಿದ ಮೊದಲ ಪ್ರಶ್ನೆ: "ಇದು ಬೇರೆಲ್ಲಾದರೂ ಪ್ರಿಂಟ್ ಆಗಿದೆಯಾ?" ಆಗಿದೆ ಅಂದೆ, ಅಲ್ಲಿಗೆ ಮುಗೀತು. ಒಳ್ಳೆ ಪತ್ರಿಕೆಗಳಿಗೆ ಸಾಮಾನ್ಯವಾಗಿ ಎಲ್ಲೂ ಬರದ ಮನೆಯೇ ಬೇಕು. ಅವರೇ ಆರಿಸಿ ಹಾಕುವ ಲೇಖನಕ್ಕೆ ದುಡ್ಡು ಕೇಳೋದಿಲ್ಲ. ಕೇಳೋದು ಫೋಟೋ, ಪ್ಲಾನು, ಮನೆಯವರ ಒಪ್ಪಿಗೆ, ಫೋಟೋಗ್ರಾಫರ್ ಹೆಸರು. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಿಸ್ತಾರೆ, ಅದು ಬೇರೆ ಮಾತು. ದುಡ್ಡು ಕೊಟ್ಟು ಹಾಕಿಸಿದ್ದು ಜಾಹೀರಾತು. ಜಾಹೀರಾತು ಅಂತಲೇ ತಿಳಿದು ಕೊಡೋದಾದರೆ ಕೊಡಿ, ತಪ್ಪೇನಿಲ್ಲ, ಆದರೆ ನನಗೆ ಮಾರಿದ್ದು "ಸೆಲೆಕ್ಷನ್" ಅಂತ.

ಇನ್ನೊಂದು, ದುಡ್ಡು ಇಸ್ಕೊಂಡ ಆ ಮ್ಯಾಗಜೀನ್‌ನವರಿಗೆ ನಾನು ಓದದೇ ಸಹಿ ಹಾಕಿಕೊಟ್ಟ ಕಾಗದ. ನಾವು ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, 1957ರ ಕಾಪಿರೈಟ್ ಕಾಯ್ದೆ ಪ್ರಕಾರ ನಮ್ಮದೇ. ಆ ಕಾಗದದ ಎರಡನೇ ಪುಟದಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ, ಅದನ್ನೆಲ್ಲ ಅವರಿಗೆ ಬರೆದುಕೊಟ್ಟಿದ್ದೆ.

ಹಾಗಾಗಿ ಫೋನ್ ಬಂದರೆ ಮೊದಲು ಪತ್ರಿಕೆಯ ನೋಂದಣಿ ನಂಬರ್ ಕೇಳಿ, ಹಿಂದೆ ಆರ್‌ಎನ್‌ಐ ಅಂತಿದ್ದ ಪ್ರೆಸ್ ರಿಜಿಸ್ಟ್ರಾರ್ ಜನರಲ್ ಜಾಲತಾಣದಲ್ಲಿ ಹುಡುಕಿ. ನೋಂದಣಿ ಇದ್ದರೂ ಪೂರ್ತಿ ನಂಬಬೇಡಿ, ಹೋದ ತಿಂಗಳ ಸಂಚಿಕೆ ಯಾವ ಅಂಗಡಿಯಲ್ಲಿ ಸಿಗುತ್ತೆ ಅಂತ ಕೇಳಿ, ಹೋಗಿ ನೋಡಿ. ಅದರಲ್ಲಿ ಬಂದಿರುವ ಡಿಸೈನರ್ ಒಬ್ಬರಿಗೆ ಫೋನ್ ಮಾಡಿ, ಎಷ್ಟು ಕೊಟ್ರಿ ಅಂತ ನೇರವಾಗಿ ಕೇಳಿ.

ಈಗ ಮೈಸೂರಿನಲ್ಲಿ ಇನ್ನೊಂದು ಮನೆ ಮುಗಿಯುತ್ತಾ ಬಂದಿದೆ. ಒಂದು ಫೋಟೋನೂ ಎಲ್ಲೂ ಹಾಕಿಲ್ಲ. ಬಡಗಿಗೂ ಹೇಳಿಟ್ಟಿದ್ದೇನೆ, ಸ್ಟೇಟಸ್‌ಗೆ ಹಾಕಬೇಡಪ್ಪಾ ಅಂತ.